ಆಲ್ಫಾ ಕೋರ್ಸ್: ನಂಬೋಕೆ ಆಗದವನೊಬ್ಬನ ಅನುಭವ

ಅಪ್ಪ ತೀರಿಕೊಂಡಾಗ ನನಗೆ ದೇವರು ಬೇಕಿತ್ತು. ಶಿವಮೊಗ್ಗದ ಮನೆಯಲ್ಲಿ ಹದಿಮೂರು ದಿನ ಕರ್ಮ ಮಾಡಿದೆ. ಪಿಂಡ ಕಟ್ಟಿದೆ, ಎಳ್ಳುನೀರು ಬಿಟ್ಟೆ. ಕೈ ಎಲ್ಲ ಮಾಡಿತು, ನಂಬಿಕೆ ಮಾತ್ರ ಬರಲಿಲ್ಲ. ಅದಕ್ಕೇ ಇಲ್ಲಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಆಫೀಸಿನ ಗೆಳೆಯರೊಬ್ಬರು ತಮ್ಮ ಚರ್ಚಿನ ಆಲ್ಫಾ ಕೋರ್ಸಿಗೆ ಕರೆದಾಗ ಹೋದೆ.

1977ರಲ್ಲಿ ಲಂಡನ್ನಿನ ಹೋಲಿ ಟ್ರಿನಿಟಿ ಬ್ರಾಂಪ್ಟನ್ ಚರ್ಚಿನಲ್ಲಿ ಹೊಸ ಕ್ರೈಸ್ತರಿಗೆ ನಂಬಿಕೆಯ ಪರಿಚಯ ಮಾಡಿಸಲೆಂದು ಶುರುವಾದ ಕೋರ್ಸ್ ಇದು. 1990ರಲ್ಲಿ ಪಾದ್ರಿ ನಿಕಿ ಗಂಬೆಲ್ ವಹಿಸಿಕೊಂಡ ಮೇಲೆ ಚರ್ಚಿಗೆ ಹೋಗದವರಿಗೂ ತೆರೆಯಿತು. ಗಂಬೆಲ್ ಕೂಡ ಒಂದು ಕಾಲದಲ್ಲಿ ನಾಸ್ತಿಕರೇ. ವಾರಕ್ಕೊಂದು ಸಂಜೆ ಊಟ, ಒಂದು ವಿಡಿಯೊ, ಆಮೇಲೆ ಮೇಜಿನ ಸುತ್ತ ಮಾತು. ದುಡ್ಡು ಕೇಳುವುದಿಲ್ಲ. ಸಸ್ಯಾಹಾರಿ ಅಂತ ಮೊದಲೇ ಹೇಳಿದ್ದಕ್ಕೆ ನನಗೆ ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆ, ಮೇಲೆ ಬೀನ್ಸು. ಖಾರ ಬೇಕಾದವರು ಉಪ್ಪಿನಕಾಯಿ ಒಯ್ಯಿರಿ.

ನಂಬಿಕೆ ಹೇಗೆ ಬರುತ್ತದೆ ಅನ್ನುವ ವಾರ ಮಾತು ಜೋರಾಯಿತು. ಮೇಜಿನ ಉಸ್ತುವಾರಿ ನೋಡಿಕೊಳ್ಳುವವರು ಇಂಗ್ಲಿಷ್ ಚಿತ್ರಕಾರ ಹೋಲ್ಮನ್ ಹಂಟ್ ಬರೆದ ಚಿತ್ರ ತೋರಿಸಿದರು. ಯೇಸು ಲಾಟೀನು ಹಿಡಿದು ಬಾಗಿಲು ತಟ್ಟುತ್ತಿದ್ದಾನೆ, ಬಾಗಿಲಿಗೆ ಹೊರಗಡೆ ಹಿಡಿಯೇ ಇಲ್ಲ. ‘ಒಳಗಿಂದ ನೀವೇ ತೆಗೀಬೇಕು, ಆಯ್ಕೆ ನಿಮ್ಮದು’ ಅಂದರು.

ಎದುರು ಕೂತಿದ್ದ ನಾಸ್ತಿಕ ಹುಡುಗ ಬಿಡಲಿಲ್ಲ. ‘ಈ ಮೇಜಿನ ಮೇಲೆ ಆನೆ ಇದೆ ಅಂತ ಒಂದೇ ನಿಮಿಷ ನಿಜವಾಗಿ ನಂಬಿ, ಸಾವಿರ ಪೌಂಡ್ ಕೊಡ್ತೀನಿ.’ ಕ್ರೈಸ್ತ ವಿದ್ಯಾರ್ಥಿನಿಯೊಬ್ಬಳು ಹದಿನೇಳನೇ ಶತಮಾನದ ಫ್ರೆಂಚ್ ಚಿಂತಕ ಪಾಸ್ಕಲ್‌ನನ್ನು ತಂದಳು: ನಂಬಿದವರ ಹಾಗೆ ನಡೆದುಕೋ, ಪವಿತ್ರ ಜಲ ತಗೋ, ಚರ್ಚಿನಲ್ಲಿ ಬಲಿಪೂಜೆ (ಮಾಸ್) ಮಾಡಿಸು, ನಂಬಿಕೆ ಹಿಂದೆಯೇ ಬರುತ್ತದೆ. ನಾನು ಹದಿಮೂರು ದಿನದ ಕಥೆ ಹೇಳಿದೆ. ಆಕೆ ಸುಮ್ಮನಾದಳು. ಇನ್ನೊಬ್ಬರು ಲೇಖಕ ಸಿ. ಎಸ್. ಲೂಯಿಸ್ ವಿಷಯ ಎತ್ತಿದರು. 1931ರಲ್ಲಿ ಅಣ್ಣನ ಮೋಟರ್‌ಸೈಕಲ್ಲಿನ ಸೈಡ್‌ಕಾರಿನಲ್ಲಿ ವಿಪ್ಸ್‌ನೇಡ್ ಮೃಗಾಲಯಕ್ಕೆ ಹೊರಟಾಗ ಯೇಸು ದೇವರ ಮಗ ಅಂತ ಅವರು ನಂಬಿರಲಿಲ್ಲ, ಇಳಿಯುವಷ್ಟರಲ್ಲಿ ನಂಬಿದ್ದರು. ದಾರಿಯುದ್ದಕ್ಕೂ ಅದನ್ನೇ ಯೋಚಿಸಿದ್ದೂ ಇಲ್ಲವಂತೆ. ಇದನ್ನು ಆಯ್ಕೆ ಅನ್ನುವುದು ಹೇಗೆ?

ಆಮೇಲೆ ಜಮೈಕಾದ ನಿವೃತ್ತ ನರ್ಸ್ ಒಬ್ಬರು ಬಾಯಿ ಬಿಟ್ಟರು. ಮಗ ಸತ್ತ ವರ್ಷ ದೇವರನ್ನು ಬಿಟ್ಟುಬಿಡಲು ನೋಡಿದರಂತೆ. ‘ನಿನ್ನನ್ನ ಬಿಟ್ಟೆ ಕಣೋ ಅಂತ ದಿನಾ ಕೂಗ್ತಿದ್ದೆ. ಕೂಗ್ತಿದ್ದದ್ದು ಅವನಿಗೇ.’ ಹೇಳುವಾಗ ಕರವಸ್ತ್ರವನ್ನು ಮಡಚಿ ಮಡಚಿ ಬೆರಳುದ್ದ ಮಾಡಿದ್ದರು. ನನಗೆ ಹಿಡಿಯಲು ಆಗಲಿಲ್ಲ, ಅವರಿಗೆ ಬಿಡಲು ಆಗಲಿಲ್ಲ. ಇಬ್ಬರನ್ನೂ ಯಾರೂ ಕೇಳಿರಲಿಲ್ಲ.

ಅಷ್ಟು ಹೊತ್ತಿಗೆ ಉಸ್ತುವಾರಿಯವರು ಗಡಿಯಾರ ನೋಡಿ ‘ಮುಂದಿನ ವಾರ’ ಅಂದರು. ಮುಂದಿನ ವಾರ ವಿಷಯವೇ ಬೇರೆ. ನನ್ನ ದೂರು ಇದೊಂದೇ, ಆದರೆ ಸಣ್ಣದಲ್ಲ. ಮಗನನ್ನು ಕಳೆದುಕೊಂಡವರ ಮಾತನ್ನು ಒಂಬತ್ತು ಗಂಟೆಗೆ ಕತ್ತರಿಸಬಾರದಿತ್ತು. ಹಾಗಾಗಿ ಐದಕ್ಕೆ ಮೂರೂವರೆ ಅಂಕ. ಒಂದಂತೂ ನಿಜ, ಯಾರೂ ನನ್ನನ್ನು ಮತಾಂತರಕ್ಕೆ ಒತ್ತಾಯಿಸಲಿಲ್ಲ. ‘ನಂಬೋಕಾಗ್ತಿಲ್ಲ’ ಅಂದದ್ದಕ್ಕೆ ಯಾರ ಮುಖವೂ ಸಣ್ಣದಾಗಲಿಲ್ಲ.

ಹೋಗುವುದಾದರೆ ಊಟದ ಹೊತ್ತಿಗೇ ಹೋಗಿ, ವಿಡಿಯೊ ಶುರುವಾಗುವವರೆಗೆ ಯಾರೂ ಗಡಿಯಾರ ನೋಡುವುದಿಲ್ಲ. ಕೊನೆಯ ನಾಲ್ಕು ವಾರ ನಾನು, ಆ ನರ್ಸ್ ಅಮ್ಮ ಅರ್ಧ ಗಂಟೆ ಮುಂಚೆ ಬಂದು ಕೂರುತ್ತಿದ್ದೆವು.