ಕಣಿಲೆ ಉಂಡ ಮೇಲೆ ಎದೆ ಡವಡವ ಎಂದರೆ ಗ್ಯಾಸ್ ಎಂದು ಮಲಗಿಸಬೇಡಿ

ಕೊಡಗಿನಲ್ಲಿ ಕಕ್ಕಡ ಎನ್ನುವ ಮಳೆಗಾಲದ ತಿಂಗಳಲ್ಲಿ, ವಿರಾಜಪೇಟೆ ಕಡೆಯ ಒಂದು ತೋಟದ ಮನೆಯಲ್ಲಿ ಆದದ್ದು. ಬೆಳಿಗ್ಗೆ ಕಡಿದು ತಂದ ಕಣಿಲೆ, ಅಂದರೆ ಬಿದಿರಿನ ಎಳೆಯ ಮೊಳಕೆ, ಸಂಜೆಗೇ ಪಲ್ಯವಾಯಿತು. ಉಂಡ ಸ್ವಲ್ಪ ಹೊತ್ತಿಗೆ ಇಬ್ಬರಿಗೆ ವಾಕರಿಕೆ, ತಲೆಸುತ್ತು, ಕೈನಡುಕ, ಏನೋ ಆಗಿಬಿಡುತ್ತದೆಂಬ ಭಯ. ‘ಗ್ಯಾಸು’, ‘ಟೆನ್ಷನ್ನು’ ಎಂದು ಸೋಡಾ ಕುಡಿಸಿ ಮಲಗಿಸಿದರು. ಉಸಿರಾಟ ಜೋರಾದ ಮೇಲಷ್ಟೇ ಜೀಪು ಹೊರಟಿತು. ಇಬ್ಬರೂ ಉಳಿದರು, ಸದ್ಯ.

ಹಸಿ ಕಣಿಲೆಯಲ್ಲಿ ಟ್ಯಾಕ್ಸಿಫಿಲಿನ್ ಎಂಬ ವಸ್ತು ಇರುತ್ತದೆ. ಹೆಚ್ಚಿದಾಗ, ಜಗಿದಾಗ ಅದು ಒಡೆದು ಸಯನೈಡ್ ಬಿಡುತ್ತದೆ. ರಕ್ತದಲ್ಲಿ ಆಮ್ಲಜನಕವಿದ್ದರೂ ಜೀವಕೋಶಗಳು ಅದನ್ನು ಬಳಸಿಕೊಳ್ಳಲಾರವು. ಎದೆ ಹೊಡೆದುಕೊಳ್ಳುವುದು, ಗಾಬರಿ ಅದರಿಂದಲೇ, ಮನಸ್ಸಿನಿಂದಲ್ಲ. ಎಳೆಯ ತುದಿಯಲ್ಲಿ ವಿಷ ಹೆಚ್ಚು. ತೆಳ್ಳಗೆ ಹೆಚ್ಚಿ, ಮುಳುಗುವಷ್ಟು ನೀರಲ್ಲಿ 2–3 ದಿನ ನೆನೆಸಿ, ದಿನವೂ ನೀರು ಬದಲಿಸಿ. ಆಮೇಲೆ ಮುಚ್ಚಳ ತೆಗೆದೇ ಚೆನ್ನಾಗಿ ಕುದಿಸಿ, ಆ ನೀರನ್ನೂ ಚೆಲ್ಲಿ. ಸಯನೈಡ್ ಆವಿಯಾಗಿ ಹೋಗುವಂಥದ್ದು, ಮುಚ್ಚಿಟ್ಟರೆ ಪಾತ್ರೆಯಲ್ಲೇ ಉಳಿಯುತ್ತದೆ. ನೆನೆಸದ ದಪ್ಪ ತುಂಡನ್ನು ಕುಕ್ಕರಿಗೆ ಹಾಕಿ ಎರಡು ಸೀಟಿ ಹೊಡೆಸುವುದು ಅಡುಗೆಯಲ್ಲ, ಅಪಾಯ.

ಕಾಡಣಬೆ ಇದಕ್ಕಿಂತ ಮೋಸದ್ದು. ಅಮಾನಿಟಾ ಜಾತಿಯ ಕೆಲವು ಅಣಬೆಗಳ ವಿಷ ಕುದಿಸಿದರೂ ಸಾಯುವುದಿಲ್ಲ. ವಾಂತಿ, ಭೇದಿ ಶುರುವಾಗುವುದು ಸಾಮಾನ್ಯವಾಗಿ 6 ಗಂಟೆ ಕಳೆದ ಮೇಲೆ. ಮರುದಿನ ಸುಧಾರಿಸಿದಂತೆ ಕಂಡರೂ ಯಕೃತ್ತು ಒಳಗೊಳಗೇ ಕೆಡುತ್ತಿರುತ್ತದೆ. ಬೆಳ್ಳಿ ನಾಣ್ಯ ಹಾಕಿ ನೋಡುವುದು, ಹುಳ ತಿಂದಿದೆಯೆಂದು ನಂಬುವುದು ಯಾವುದೂ ಪರೀಕ್ಷೆಯಲ್ಲ.

ಏನು ತಿಂದಿರಿ, ಎಷ್ಟು ಹೊತ್ತಿಗೆ ಶುರುವಾಯಿತು, ಬರೆದಿಡಿ. ವೈದ್ಯರು ಕೇಳುವ ಮೊದಲ ಪ್ರಶ್ನೆ ಅದೇ.

ಇಂಥ ಲಕ್ಷಣ ಬೇರೆ ಕಾರಣಕ್ಕೂ ಬರುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಬೆವರು, ನಡುಕ ಬಂದರೆ ಗ್ಲುಕೋಮೀಟರ್ ಹಿಡಿಯಿರಿ. 70ಕ್ಕಿಂತ ಕಡಿಮೆಯಿದ್ದು ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ಕರಗಿಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಪಂದಿ ಕರಿ (ಹಂದಿಮಾಂಸದ ಸಾರು), ಕಡಂಬುಟ್ಟು (ಅಕ್ಕಿಯ ಉಂಡೆ) ಉಂಡ ಮೇಲೆ ಎದೆ ಒತ್ತಿ, ತಣ್ಣನೆ ಬೆವರಿ, ದವಡೆಗೋ ಎಡಗೈಗೋ ನೋವು ಹರಿದರೆ ಅದು ಹೃದಯದ್ದಾಗಿರಬಹುದು. ಇಸಿಜಿ ಆಗುವವರೆಗೆ ಗ್ಯಾಸ್ ಮಾತ್ರೆಯ ಮಾತೇ ಬೇಡ.

ಕಣಿಲೆ, ಅಣಬೆ ತಿಂದು ಹೀಗಾದವರಿಗೆ ವಾಂತಿ ಮಾಡಿಸಬೇಡಿ. 108ಕ್ಕೆ ಕರೆ ಮಾಡಿ, ಉಳಿದ ಪಲ್ಯ, ಬೇಯಿಸದ ಅಣಬೆ ಇದ್ದರೆ ಕಾಗದದಲ್ಲಿ ಸುತ್ತಿ ಜೊತೆಗೇ ಒಯ್ಯಿರಿ. ಅದೇ ಊಟ ಉಂಡ ಉಳಿದವರೂ, ಆರಾಮಿದ್ದರೂ ಸರಿ, ಜೊತೆಗೆ ಹೋಗಿ ತೋರಿಸಿಕೊಳ್ಳಲಿ.