ನಾಡದೋಣಿಗೆ ಯಾವ ಫಿಶ್ ಫೈಂಡರ್?

ಸ್ವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ, ಉಡುಪಿ ಜಿಲ್ಲೆಯ ಕೋಡಿಬೆಂಗ್ರೆಯ ಅಳಿವೆಯಲ್ಲಿಯೂ ಅದರಾಚೆ ಸುಮಾರು ಹತ್ತು ಮಾರು ಆಳದವರೆಗಿನ ಕಡಲಿನಲ್ಲಿಯೂ, ಔಟ್‌ಬೋರ್ಡ್ ಎಂಜಿನ್ನಿನ ನಾಡದೋಣಿಯಲ್ಲಿ ಮೂರು ಬಗೆಯ ಫಿಶ್ ಫೈಂಡರ್‌ಗಳನ್ನು ಬಳಸಿ ನೋಡಿದ್ದೇನೆ. ನೀರಿನೊಳಕ್ಕೆ ಶಬ್ದದ ಅಲೆ ಬಿಟ್ಟು, ಮರಳುವ ಪ್ರತಿಧ್ವನಿಯಿಂದ ತಳವನ್ನೂ ಮೀನನ್ನೂ ಪರದೆಯಲ್ಲಿ ತೋರಿಸುವ ಯಂತ್ರಗಳಿವು. ನನ್ನ ಮಟ್ಟಿಗೆ, ಬಲೆ ಬಿಡುವವನಿಗೆ ಇವುಗಳಿಂದ ಆಗಬೇಕಾದ ಮೊದಲ ಉಪಕಾರ ಮೀನು ತೋರಿಸುವುದಲ್ಲ, ತಳ ತೋರಿಸುವುದು.

ಎಲ್ಲಕ್ಕಿಂತ ಅಗ್ಗವಾದದ್ದು, ತಂತಿಯ ತುದಿಯಲ್ಲಿ ಸೆನ್ಸರ್ ಇರುವ, ನಾಲ್ಕು ಸಣ್ಣ ಸೆಲ್ಲುಗಳಿಂದ ನಡೆಯುವ ಕೈಯಂತ್ರ. ಅದರ ಶಬ್ದದ ಅಲೆ 45 ಡಿಗ್ರಿ ಅಗಲಕ್ಕೆ ಹರಡುವುದರಿಂದ 10 ಮೀಟರ್ ಆಳದಲ್ಲಿ ಸುಮಾರು 8 ಮೀಟರ್ ಅಗಲದ ವೃತ್ತವನ್ನು ಒಟ್ಟಿಗೇ ನೋಡುತ್ತದೆ. ಕಂಡದ್ದು ದೋಣಿಯ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಹೇಳಲಾರದು. ತೇಲುವ ಎಲೆ, ನೊರೆ, ಬಲೆಯ ಚೂರು ಎಲ್ಲವೂ ಮೀನಿನ ಚಿತ್ರವಾಗಿ ಮೂಡಬಹುದಾದ್ದರಿಂದ ಆ ಚಿತ್ರಗಳನ್ನು ನಂಬಿ ಬಲೆ ಬಿಡಬಾರದು. ಆದರೂ ಎರಡು ಮೂರು ಮೀಟರ್ ಆಳದ ಅಳಿವೆಯಲ್ಲಿ, ಸೀಸದ ಗುಂಡು ಕಟ್ಟಿದ ಹಗ್ಗ ಇಳಿಸಿ ಆಳ ನೋಡುವ ಕೆಲಸವನ್ನು ಇದು ಚೆನ್ನಾಗಿ ಮಾಡುತ್ತದೆ.

ಎರಡನೆಯದು ಗಾರ್ಮಿನ್ ಸ್ಟ್ರೈಕರ್ 4. ಪರದೆ ಮೂರೂವರೆ ಇಂಚು ಮಾತ್ರ, ನಕ್ಷೆಯೂ ಇಲ್ಲ. ಆದರೆ 200 ಕಿಲೋಹರ್ಟ್ಸ್‌ನ ಕಂಪನದಲ್ಲಿ ಶಬ್ದದ ಅಲೆಯ ಅಗಲ 15 ಡಿಗ್ರಿಯಷ್ಟೇ ಇರುವುದರಿಂದ 10 ಮೀಟರ್ ಆಳದಲ್ಲಿ ಅದು ನೋಡುವ ವೃತ್ತ ಎರಡೂವರೆ ಮೀಟರಿನ ಆಸುಪಾಸಿನದು. ಕಲ್ಲಿನ ತಳ ದಪ್ಪ, ಗಾಢ ಪಟ್ಟಿಯಾಗಿಯೂ ಕೆಸರು ತೆಳುವಾಗಿಯೂ ಕಾಣುತ್ತದೆ. ಬೂತಾಯಿ ಮೀನಿನ ಹಿಂಡು ಮೋಡದಂತೆ ಮೂಡುತ್ತದೆ. ಮೀನಿನಿಂದ ಮರಳುವ ಪ್ರತಿಧ್ವನಿಯ ಬಹುಪಾಲು ಅದರ ಹೊಟ್ಟೆಯೊಳಗಿನ ಗಾಳಿಚೀಲದ್ದಾದ್ದರಿಂದ, ಆ ಚೀಲವೇ ಇಲ್ಲದ ಅಂಜಲ್ ಮೀನು ಎಷ್ಟೇ ದೊಡ್ಡದಿದ್ದರೂ ಮಸುಕಾಗಿಯೇ ಕಾಣುತ್ತದೆಂಬುದನ್ನು ನೆನಪಿಡಬೇಕು. ನನಗೆ ಇದರಲ್ಲಿ ಅತಿ ಮುಖ್ಯವೆನಿಸಿದ್ದು ಜಿಪಿಎಸ್: ಪಟ್ಟಬಲೆ ಸಿಕ್ಕಿ ಹರಿಯುವ ಕಲ್ಲನ್ನು ಒಮ್ಮೆ ಗುರುತು ಮಾಡಿಟ್ಟರೆ, ಕತ್ತಲಲ್ಲಿಯೂ ಅದನ್ನು ತಪ್ಪಿಸಿ ಬಲೆ ಬಿಡಬಹುದು. ಹರಿದ ಬಲೆಯ ಖರ್ಚು ಬಲ್ಲವರಿಗೆ ಇದರ ಬೆಲೆ ಹೆಚ್ಚೆನಿಸದು. 12 ವೋಲ್ಟಿನ ಸಣ್ಣ ಬ್ಯಾಟರಿಯೊಂದು ದಿನವಿಡೀ ಸಾಕಾಗುತ್ತದೆ.

ಮೂರನೆಯದು ನೀರಿಗೆ ಎಸೆಯುವ, ಸುಮಾರು 100 ಗ್ರಾಂ ತೂಕದ ಚೆಂಡು. ಡೀಪರ್ ಪ್ರೋ ಪ್ಲಸ್ ಈ ಬಗೆಯದು. ಅದು ತಾನೇ ವೈ-ಫೈ ಹುಟ್ಟಿಸಿ ಚಿತ್ರವನ್ನು ಮೊಬೈಲಿಗೆ ಕಳಿಸುತ್ತದೆ. ದಂಡೆಯಲ್ಲಿ ನಿಂತು ಗಾಳ ಹಾಕುವವರಿಗೂ ಕೆರೆ, ಹಿನ್ನೀರಿನವರಿಗೂ ಇದಕ್ಕಿಂತ ಅನುಕೂಲವಾದದ್ದಿಲ್ಲ. ಚಲಿಸುವ ದೋಣಿಯ ಹಿಂದೆ ಎಳೆದರೆ ಮಾತ್ರ ಯಾವುದೇ ತೇಲುವ ಸೆನ್ಸರ್ ಅಲೆಯ ಮೇಲೆ ಜಿಗಿದು ಚಿತ್ರ ತುಂಡಾಗುತ್ತದೆ; ಬಿಸಿಲಿಗೆ ಮೊಬೈಲಿನ ಪರದೆ ಕಾಣದು, ಒದ್ದೆ ಬೆರಳಿಗೆ ಅದು ಮಣಿಯದು.

ಆದ್ದರಿಂದ ಕಡಲಿಗೆ ಇಳಿಯುವ ಬಲೆಯ ದೋಣಿಗೆ ನನ್ನ ಆಯ್ಕೆ ಎರಡನೆಯದು. ಅಳಿವೆ ದಾಟದವರಿಗೆ ಕೈಯಂತ್ರ ಸಾಕು. ಸ್ಟ್ರೈಕರ್‌ನ ಸೆನ್ಸರನ್ನು ದೋಣಿಗೆ ಕೊರೆದು ಕೂರಿಸದೆ ಮರದ ಪಟ್ಟಿಗೆ ಬಿಗಿದು, ಪ್ರೊಪೆಲ್ಲರಿನ ನೊರೆ ತಾಗದಷ್ಟು ಮುಂದೆ, ಅಂಚಿಗೆ ಕ್ಲಾಂಪ್ ಹಾಕಿ ಇಳಿಬಿಟ್ಟರೆ ದಡ ಸೇರಿದ ಕೂಡಲೇ ಕಳಚಿ ಸಿಹಿನೀರಿನಲ್ಲಿ ತೊಳೆದಿಡಬಹುದು. ಬ್ಯಾಟರಿಯ ತಂತಿಗೆ ಫ್ಯೂಸ್ ಕಡ್ಡಾಯವಾಗಿ ಇರಲಿ.