ಮೆಲ್ಬರ್ನ್ ಕ್ರಿಕೆಟ್ ಮೈದಾನ: ಪಿಚ್ ಇಲ್ಲದ ದಿನದ ಭೇಟಿ

1977ರ ಡಿಸೆಂಬರ್ ಕೊನೆಯಲ್ಲಿ ಆರಂಭವಾದ ಟೆಸ್ಟ್‌ನಲ್ಲಿ ಬಿ.ಎಸ್. ಚಂದ್ರಶೇಖರ್ ಎರಡೂ ಇನಿಂಗ್ಸ್‌ಗಳಲ್ಲಿ 52 ರನ್ನಿಗೆ 6 ವಿಕೆಟ್ ಕಿತ್ತು, ಆಸ್ಟ್ರೇಲಿಯಾ ನೆಲದಲ್ಲಿ ಭಾರತಕ್ಕೆ ಮೊತ್ತಮೊದಲ ಟೆಸ್ಟ್ ಗೆಲುವು ತಂದುಕೊಟ್ಟದ್ದು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ. 1981ರಲ್ಲಿ ಆತಿಥೇಯರು 83 ರನ್ನಿಗೆ ಉದುರಿಹೋದ ಟೆಸ್ಟ್‌ನಲ್ಲಿ ನಮ್ಮ ಜಿ.ಆರ್. ವಿಶ್ವನಾಥ್ 114 ರನ್ ಗಳಿಸಿದ್ದೂ ಇಲ್ಲಿಯೇ. ಆ ಪಿಚ್ಚನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಜುಲೈ ತಿಂಗಳ ಒಂದು ಬೆಳಿಗ್ಗೆ, ಚಳಿಗೆ ಸಾಲದ ಸ್ವೆಟರ್ ತೊಟ್ಟು, ಮಾರ್ಗದರ್ಶಿ ಪ್ರವಾಸದ ಟಿಕೆಟ್ ಕೊಂಡು ಒಳಹೋದೆ. ಪಿಚ್ಚೇ ಇರಲಿಲ್ಲ.

ಚಳಿಗಾಲದಲ್ಲಿ ಈ ಅಂಗಳ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲಿನದು; ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳು, ನಡುವೆ ಬರಿಯ ಹುಲ್ಲು. ಕ್ರಿಕೆಟ್ ಪಿಚ್ಚನ್ನು ಬೇರೆಡೆ ಬೆಳೆಸಿ, ಬೇಸಿಗೆಯಲ್ಲಿ ತಂದು ಕೂರಿಸುತ್ತಾರೆ. ಗ್ಯಾಲರಿಯ ನೆರಳು ಬೀಳುವ ಕಡೆ ಗಾಲಿಗಳ ಮೇಲೆ ನಿಲ್ಲಿಸಿದ ದೀಪಗಳ ಸಾಲೊಂದು ಹುಲ್ಲಿಗೆ ಹಳದಿ ಬೆಳಕು ಸುರಿಯುತ್ತಿತ್ತು. ಮೈದಾನದ ಅಂಚಿನವರೆಗೆ ಹೋಗಬಹುದು, ಹುಲ್ಲನ್ನು ಮಾತ್ರ ತುಳಿಯುವಂತಿಲ್ಲ. ಚಂದ್ರ ಆಡಿದ ದಿನಗಳ ಗ್ಯಾಲರಿಗಳೂ ಈಗಿಲ್ಲ: ದಕ್ಷಿಣದ ಭಾಗ, ಅಂದರೆ ಇಂದಿನ ಶೇನ್ ವಾರ್ನ್ ಸ್ಟ್ಯಾಂಡ್, 1992ರದು; ಉತ್ತರದ ಭಾಗವನ್ನು 2006ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆಂದು ಹೊಸದಾಗಿ ಕಟ್ಟಲಾಯಿತು.

ಹಾಗೆಂದು ಟಿಕೆಟ್ಟಿನ ಹಣ ದಂಡವಾಯಿತೆನ್ನಲಾರೆ. ಸುಮಾರು ಒಂದೂಕಾಲು ಗಂಟೆಯ ಈ ನಡಿಗೆಯ ಜೀವಾಳವೆಂದರೆ ಮಾರ್ಗದರ್ಶಕರು. 1877ರ ಮೊದಲ ಟೆಸ್ಟನ್ನೂ 1956ರ ಒಲಿಂಪಿಕ್ಸನ್ನೂ ನಮ್ಮ ಹಿರಿಯ ಮಾರ್ಗದರ್ಶಕರು ಮನೆಯ ಮದುವೆಗಳನ್ನು ನೆನೆಯುವಂತೆ ವಿವರಿಸಿದರು. ಕ್ಲಬ್ ಸದಸ್ಯರ ಕೋಣೆಯಾದ ಲಾಂಗ್ ರೂಮಿನಲ್ಲಿ ನಾನು ಚಂದ್ರಶೇಖರ್ ಹೆಸರೆತ್ತಿದಾಗ ಅವರು ಮಾತಾಡದೆ, ಅಂಗಿಯ ಬಲತೋಳನ್ನು ಮುಂಗೈವರೆಗೆ ಎಳೆದು ಗುಂಡಿ ಹಾಕಿಕೊಳ್ಳುವಂತೆ ನಟಿಸಿದರು. ಪೋಲಿಯೋದಿಂದ ಸೊರಗಿದ ಆ ಕೈಯನ್ನು ಚಂದ್ರ ಸದಾ ತುಂಬುತೋಳಿನಲ್ಲೇ ಇಡುತ್ತಿದ್ದರೆಂಬುದು ನಮ್ಮೂರ ಹುಡುಗರಿಗೇ ಈಗ ಗೊತ್ತಿರುವುದು ಅನುಮಾನ.

ಪಂದ್ಯದ ದಿನಗಳಲ್ಲಿ ಪ್ರವಾಸ ನಡೆಯುವುದಿಲ್ಲವಾದ್ದರಿಂದ ವೇಳಾಪಟ್ಟಿ ನೋಡಿಯೇ ಹೊರಡಬೇಕು. ಪಿಚ್ ನೋಡಲೇಬೇಕೆನ್ನುವವರು ಅಲ್ಲಿನ ಬೇಸಿಗೆಯಲ್ಲಿ, ಡಿಸೆಂಬರ್ 26ರಂದು ಆರಂಭವಾಗುವ ಬಾಕ್ಸಿಂಗ್ ಡೇ ಟೆಸ್ಟಿನ ಆಸುಪಾಸಿನಲ್ಲಿ ಬರುವುದು ಲೇಸು. ಜೋಲಿಮಾಂಟ್ ನಿಲ್ದಾಣದಲ್ಲಿಳಿದು ಯಾರಾ ಪಾರ್ಕ್ ದಾಟಿದರೆ ಮೈದಾನ ಎದುರಿಗೇ ಸಿಗುತ್ತದೆ. ಒಳಗಿರುವ ಆಸ್ಟ್ರೇಲಿಯನ್ ಕ್ರೀಡಾ ಸಂಗ್ರಹಾಲಯವನ್ನೂ ಸೇರಿಸಿಕೊಂಡ ಟಿಕೆಟ್ ಕೊಳ್ಳುವುದಾದರೆ ಅರ್ಧ ದಿನ ಬಿಡುವು ಮಾಡಿಕೊಳ್ಳಿ; ನಾನು ಮಾಡಿಕೊಂಡಿರಲಿಲ್ಲ, ಕ್ರಿಕೆಟ್ ವಿಭಾಗವನ್ನು ಅರ್ಧಕ್ಕೇ ಬಿಟ್ಟು ರೈಲಿಗೆ ಓಡಬೇಕಾಯಿತು.